ಹೆರಿಗೆಗೆ ಡೌಲಾ ನಿಜಕ್ಕೂ ಬೇಕಾ, ಇಲ್ಲಾ ಬರೀ ಡೌಲಾ?

ಕುಕ್ಕರಹಳ್ಳಿ ವಾಕರ್ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನನಗೀಗ 32 ವಾರ, ಚೊಚ್ಚಲು. ಹೆರಿಗೆ ಬೆಂಗಳೂರಲ್ಲಿ, ಬಾಣಂತನ ಮೈಸೂರಲ್ಲಿ ಅಂತ ಮನೇಲಿ ಮಾತಾಗಿದೆ. ಆಫೀಸಿನ ಗೆಳತಿಯೊಬ್ಬಳು ಡೌಲಾ, ಅಂದ್ರೆ ಹೆರಿಗೆ ಹೊತ್ತಲ್ಲಿ ಪಕ್ಕದಲ್ಲೇ ಇದ್ದು ಧೈರ್ಯ ಹೇಳಿ ನೋಡ್ಕೊಳ್ಳೋ ಹೆಂಗಸನ್ನ, ಇಟ್ಕೊಂಡಿದ್ದಳು. ನೀನೂ ಇಟ್ಕೋ ಅಂತ ಬೆನ್ನು ಬಿದ್ದಿದ್ದಾಳೆ. ಒಬ್ಬರನ್ನ ವಿಚಾರಿಸಿದೆ. ಹೆರಿಗೆಗೆ ಮುಂಚೆ ಮೂರು ಭೇಟಿ, ನೋವು ಶುರುವಾದಾಗಿಂದ ಮಗು ಹುಟ್ಟಿ ಎರಡು ಗಂಟೆ ಆಗೋವರೆಗೂ ಜೊತೆಗೇ ಇರ್ತಾರೆ, ಆಮೇಲೆ ಎರಡು ಭೇಟಿ. ಒಟ್ಟು 40 ಸಾವಿರ.

ಮನೇಲಿ ವಿಷಯ ಎತ್ತಿದೆ. ಫೋನಲ್ಲಿ ಅಮ್ಮನಿಗೆ ಕೇಳಿಸಿದ್ದು "ಡೌಲು" ಅಂತ. "ಹೆರಿಗೆಗೂ ಎಂಥ ಡೌಲೇ ನಿಂದು?" ಅಂದ್ರು. ಬಿಡಿಸಿ ಹೇಳಿದ ಮೇಲೆ ಇನ್ನೂ ಕೆಟ್ಟಿತು. "ಹಾಗಾದ್ರೆ ನಾನ್ಯಾಕೆ ಬರಲಿ? ಅಮ್ಮನ್ನ ಬಾಡಿಗೆಗೆ ತರ್ತೀಯಾ?" ಅವತ್ತಿಂದ ನಮ್ಮ ಮಾತು "ಊಟ ಆಯ್ತಾ, ಐರನ್ ಮಾತ್ರೆ ತಗೊಂಡ್ಯಾ" ಅನ್ನೋದಕ್ಕೆ ನಿಂತಿದೆ. ಗಂಡ ಒಳ್ಳೆಯವರೇ. ಆದರೆ ನನಗೆ ರಕ್ತ ಪರೀಕ್ಷೆಗೆ ಸೂಜಿ ಚುಚ್ಚಿದರೆ ಆ ಕಡೆ ತಿರುಗಿ ಕ್ಯಾಲೆಂಡರ್ ನೋಡೋ ಪೈಕಿ.

ಡೌಲಾ ಇದ್ದರೆ ನಾರ್ಮಲ್ ಆಗೇ ಆಗತ್ತಾ? ಡಾಕ್ಟರು ಸಿಟ್ಟಾಗ್ತಾರಾ? ಅಮ್ಮ ಇರುವಾಗ ಇನ್ನೊಬ್ಬರು ಯಾಕೆ ಅನ್ನೋ ಪ್ರಶ್ನೆಗೆ ನನ್ನ ಹತ್ರಾನೇ ಉತ್ತರ ಇಲ್ಲ. ಅನುಭವ ಇರೋರು ಹೇಳಿ.

ಇಬ್ಬರ ತಾಯಿ · ಸೋಮವಾರ, ರಾತ್ರಿ 10:05

40 ಸಾವಿರ! ನನ್ನ ಎರಡು ಹೆರಿಗೆದೂ ಸೇರಿ ಆಸ್ಪತ್ರೆ ಬಿಲ್ ಅಷ್ಟಾಗಿರಲಿಲ್ಲ. ಆದ್ರೂ ಹೇಳ್ತೀನಿ, ಮೊದಲನೇ ಸಲ ಆ ಕೋಣೇಲಿ ಒಬ್ಬಳೇ ಮಲಗಿ ಗೋಡೆ ಮೇಲಿನ ಹಲ್ಲಿ ಎಣಿಸಿದ್ದು ನೆನಪಿದೆ. ಐದು ಇದ್ವು. ಆಗ ಯಾರಾದ್ರೂ ಬಂದು 40 ಸಾವಿರ ಕೊಡು, ಪಕ್ಕ ಕೂತ್ಕೋತೀನಿ ಅಂದಿದ್ರೆ ಬಳೆ ಬಿಚ್ಚಿ ಕೊಡ್ತಿದ್ದೆ.

ಸತ್ಯವಾದಿ ರಾಯರು · ಸೋಮವಾರ, ರಾತ್ರಿ 10:31

ಮದುವೆಗೆ ಈವೆಂಟ್ ಮ್ಯಾನೇಜರ್ ಬಂದರು, ಈಗ ಹೆರಿಗೆಗೂ. ನಮ್ಮಜ್ಜಿ ಒಂಬತ್ತು ಹೆತ್ತರು, ಬೆಳಿಗ್ಗೆ ಹೆತ್ತು ಸಂಜೆ ಹಾಲು ಕರೆದರು. ಯಾವ ಡೌಲಾನೂ ಇರಲಿಲ್ಲ.

ಇಬ್ಬರ ತಾಯಿ · ಸೋಮವಾರ, ರಾತ್ರಿ 10:38

ರಾಯರೇ, ಒಂಬತ್ತರಲ್ಲಿ ಎಷ್ಟು ಉಳಿದವು? ಮತ್ತೆ ಸಂಜೆ ಹಾಲು ಕರೆಯೋ ಹಾಗೆ ಅವರನ್ನ ಎಬ್ಬಿಸಿದ್ದು ಯಾರು?

ಗದಗದಾಕಿ · ಮಂಗಳವಾರ, ಬೆಳಿಗ್ಗೆ 6:50

ರಾಯರ, ನಿಮ್ಮಜ್ಜಿ ಕಡೆ ಯಾರೂ ಇರಲಿಲ್ಲ ಅಂತ ನಿಮಗ ಹೇಳಿದವರ್ಯಾರು? ಗಂಡಸರು ಹೊರಗ ಕಟ್ಟಿ ಮ್ಯಾಲ ಕುಂತಿರ್ತಿದ್ರು, ಒಳಗ ಏನ್ ನಡೀತಿತ್ತು ಅವರಿಗೇನ್ ಗೊತ್ತು?

ನಮ್ಮಜ್ಜಿ ಸೂಲಗಿತ್ತಿ ಇದ್ಲು. ಬ್ಯಾನಿ ಸುರು ಆತು ಅಂತ ಕರಿಯಾಕ ಬಂದ್ರ ಕೈಯಾಗಿನ ರೊಟ್ಟಿ ಹಂಗ ಬಿಟ್ಟು ಹೋಗಾಕಿ. ನಾನು ಹತ್ತು ವರ್ಷದಾಕಿ ಇದ್ದಾಗ ಒಂದೆರಡು ಸಲ ಕಂದೀಲು ಹಿಡ್ಕೊಂಡು ಹಿಂದ ಹೋಗೀನಿ. ನನ್ನನ್ನ ಬಾಗಿಲದಾಗ ಕುಂಡ್ರಸತಿದ್ಲು. ಒಳಗ ಅಜ್ಜಿ ಒಬ್ಬಾಕಿನ ಅಲ್ಲ, ಇನ್ನೂ ಮೂರು ನಾಲ್ಕು ಹೆಂಗಸರು ಇರ್ತಿದ್ರು. ಒಬ್ಬಾಕಿ ಹಿಂದ ಕುಂತು ಹಡಿಯಾಕಿನ್ನ ಎದಿಗೆ ಆನಿಸ್ಕೊಂಡು ಹಿಡಿಯಾಕಿ. ಒಬ್ಬಾಕಿ ಸೊಂಟಾ ಒತ್ತಾಕಿ. ಒಬ್ಬಾಕಿ ಬಿಸಿನೀರು. ಒಬ್ಬಾಕಿಗೆ ಕೆಲಸಾನ ಇಲ್ಲ, ಸುಮ್ನ ಊರ ಸುದ್ದಿ ಹೇಳ್ಕೋತ ಕುಂತಿರಾಕಿ. ಬ್ಯಾನಿ ಬಂದಾಗ ಎಲ್ಲಾರೂ ಗಪ್ಪ, ಹೋದ ಮ್ಯಾಲ ಮತ್ತ ಸುದ್ದಿ.

ಹಂಗಂತ ಹಳೇ ಕಾಲಾನ ಛಲೋ ಇತ್ತು ಅಂತ ನಾ ಹೇಳೂದಿಲ್ಲ. ನಮ್ಮಜ್ಜಿ ಕೈಯಾಗ ಹ್ವಾದ ಕೂಸುಗಳೂ ಅದಾವ, ತಾಯಂದ್ರೂ ಅದಾರ. ಅಕಿ ಮುದುಕಿ ಆದ ಮ್ಯಾಲ ರಾತ್ರಿ ಎದ್ದು ಕುಂತು ಒಬ್ಬಾಕಿ ಹೆಸರು ಹೇಳಿ ಅಳತಿದ್ಲು, ರಕ್ತ ನಿಲ್ಲಲಾರದ ಹ್ವಾದಾಕಿ ಅಕಿ. ದವಾಖಾನಿ ಬಂದದ್ದು ಛಲೋನ ಆತು. ಆದ್ರ ದವಾಖಾನಿ ಬಂದಾಗ ಸೂಲಗಿತ್ತಿ ಜೋಡಿ ಉಳಿದ ನಾಲ್ಕು ಮಂದೀನೂ ಹೊರಗ ಹಾಕಿದ್ರು ನೋಡ್ರಿ. ಸೂಲಗಿತ್ತಿ ಜಾಗಕ್ಕ ಡಾಕ್ಟರ್ ಬಂದ್ರು. ಎದಿಗೆ ಆನಿಸ್ಕೊಳ್ಳಾಕಿ ಜಾಗಕ್ಕ ಯಾರೂ ಬರಲಿಲ್ಲ.

ಡೌಲಾ ಅಂದ್ರ ಸೂಲಗಿತ್ತಿ ಅಂತ ಪೇಪರಿನಾಗ ಬರೀತಾರ, ಅದು ತಪ್ಪು. ಸೂಲಗಿತ್ತಿ ಹೆರಿಗಿ ಮಾಡಸಾಕಿ. ಪಾವಗಡದ ಕೃಷ್ಣಾಪುರದ ನರಸಮ್ಮಜ್ಜಿ 15 ಸಾವಿರಕ್ಕಿಂತ ಹೆಚ್ಚು ಹೆರಿಗಿ ಮಾಡ್ಸಿದ್ಲು, ರೊಕ್ಕಾ ಮುಟ್ಟದ, 2018ರಾಗ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್‌ದಾಗ ತೀರಿಕೊಂಡ್ಲು. ಅದು ಬ್ಯಾರೆ ವಿದ್ಯಾ. ಡೌಲಾ ಕೂಸಿಗೆ ಕೈ ಹಚ್ಚೂದಿಲ್ಲ. ಅಕಿ ಹಿಂದ ಕುಂತಾಕಿ.

ಕುಕ್ಕರಹಳ್ಳಿ ವಾಕರ್ · ಮಂಗಳವಾರ, ಬೆಳಿಗ್ಗೆ 8:15

ಹಿಂದ ಕುಂತಾಕಿ. ಇದನ್ನ ಅಮ್ಮನಿಗೆ ಹೇಗೆ ಹೇಳೋದು ಅಂತ ಯೋಚಿಸ್ತಿದ್ದೀನಿ.

ಬಾಚಣಿಗೆ ಅಪ್ಪ · ಮಂಗಳವಾರ, ಮಧ್ಯಾಹ್ನ 1:20

ಗಂಡಸರ ಕಡೆಯಿಂದ ನಾನೊಬ್ಬ. ಕ್ಯಾಲೆಂಡರ್ ನೋಡೋ ಜಾತಿಯವನೇ.

ಹೋದ ವರ್ಷ ನಮ್ಮ ಮಗಳು ಹುಟ್ಟಿದ್ದು. ಡೌಲಾ ಬೇಕು ಅಂದಿದ್ದು ಹೆಂಡತಿ, ದುಡ್ಡು ದಂಡ ಅಂದಿದ್ದು ನಾನು. ರಾತ್ರಿ ಹನ್ನೊಂದಕ್ಕೆ ನೋವು ಶುರುವಾಯ್ತು. ನಾನು ಬ್ಯಾಗ್ ಎತ್ಕೊಂಡು, ಕಾರ್ ಸ್ಟಾರ್ಟ್ ಮಾಡಿ ಕೆಳಗೆ ಹಾರ್ನ್ ಹೊಡೀತಿದ್ದೆ. ಡೌಲಾ ಫೋನಲ್ಲಿ ಕೇಳಿದ್ದು ಒಂದೇ: "ನೋವು ಬಂದಾಗ ಅವರು ಮಾತಾಡ್ತಾರಾ, ಮಾತು ನಿಲ್ಲಿಸ್ತಾರಾ?" ನನ್ನ ಬೈಯೋದಕ್ಕೆ ಧಾರಾಳವಾಗಿ ಮಾತಾಡ್ತಿದ್ಲು. "ಹಾಗಾದ್ರೆ ಕಾರ್ ಆಫ್ ಮಾಡಿ, ಅನ್ನ ಸಾರು ಏನಾದ್ರೂ ತಿನ್ನಿಸಿ, ನಾನು ಬರ್ತೀನಿ" ಅಂದ್ರು. ನೀರು ಹೋದರೆ, ನೀರಿನ ಬಣ್ಣ ಹಸಿರಾಗಿದ್ದರೆ, ರಕ್ತ ಬಂದರೆ, ಮಗು ಮಿಸುಕಾಟ ಕಮ್ಮಿ ಆಯ್ತು ಅನ್ನಿಸಿದರೆ ನನಗೆ ಕಾಯದೆ ನೇರ ಆಸ್ಪತ್ರೆಗೆ ಅಂತಾನೂ ಹೇಳಿದ್ರು.

ಒಂದು ಗಂಟೆಗೆ ಬಂದ್ರು. ಏನೋ ದೊಡ್ಡ ಕಿಟ್ ತರ್ತಾರೆ ಅಂದ್ಕೊಂಡಿದ್ದೆ. ಒಂದು ಬಟ್ಟೆ ಚೀಲ. ಅದರಲ್ಲಿ ಬಿಸಿನೀರಿನ ಬ್ಯಾಗು, ಎಳ್ಳೆಣ್ಣೆ ಬಾಟಲು, ಒಂದು ಮರದ ಬಾಚಣಿಗೆ. ನೋವು ಬಂದಾಗ ಬಾಚಣಿಗೆಯ ಹಲ್ಲು ಅಂಗೈಗೆ ಒತ್ತೋ ಹಾಗೆ ಬಿಗಿಯಾಗಿ ಹಿಡ್ಕೊಳ್ಳೋದು, ಗಮನ ಅಲ್ಲಿಗೆ ಹೋಗತ್ತೆ. ನನ್ನನ್ನ ಹೆಂಡತಿ ಹಿಂದೆ ಮಂಡಿಯೂರಿಸಿ, ಎರಡು ಅಂಗೈ ಅವಳ ಸೊಂಟದ ಎರಡೂ ಕಡೆ ಇಡಿಸಿ, ಒಳಮುಖವಾಗಿ ಒತ್ತೋದು ಹೇಗೆ ಅಂತ ತೋರಿಸಿದ್ರು. "ಇನ್ನೂ ಜೋರಾಗಿ, ಪಂಕ್ಚರ್ ಆದ ಸ್ಕೂಟರ್ ತಳ್ಳೋ ಹಾಗೆ." ಬೆಳಿಗ್ಗೆ ಐದರವರೆಗೆ ನಾನು ಒತ್ತಿದೆ. ತೋಳು ಬಿದ್ದು ಹೋದ ಮೇಲೆ ಅವರು ಒತ್ತಿದ್ರು. ನಾಲ್ಕು ಗಂಟೆಗೆ ನನ್ನ ಮುಖ ನೋಡಿ "ನೀವು ಹೋಗಿ ಏನಾದ್ರೂ ತಿನ್ಕೊಂಡು ಬನ್ನಿ, ತಲೆ ಸುತ್ತಿ ಬಿದ್ರೆ ನಾನು ಯಾರನ್ನ ಹಿಡೀಲಿ" ಅಂತ ಅಡಿಗೆಮನೆಗೆ ಕಳಿಸಿದ್ರು.

ಡೌಲಾ ನನ್ನ ಜಾಗ ಕಿತ್ಕೋತಾರೆ ಅಂದ್ಕೊಂಡಿದ್ದೆ. ನನಗೆ ಅಲ್ಲಿ ಜಾಗ ಮಾಡಿಕೊಟ್ಟಿದ್ದೇ ಅವರು. ಮಗು ಹುಟ್ಟೋವಾಗ ನಾನು ಒಳಗಿದ್ದೆ, ಬಿದ್ದಿಲ್ಲ. ಆ ಬಾಚಣಿಗೆಯ ಎರಡು ಹಲ್ಲು ಮುರಿದಿದೆ, ಇನ್ನೂ ಮನೇಲಿದೆ.

ಓಟಿ ಚಪ್ಪಲಿ · ಮಂಗಳವಾರ, ರಾತ್ರಿ 11:50

ನಾನು ಪ್ರಸೂತಿ ವೈದ್ಯೆ, 18 ವರ್ಷದಿಂದ. ಮೊದಲ ಪ್ರಶ್ನೆಗೆ ನೇರ ಉತ್ತರ: ಇಲ್ಲ, ಡೌಲಾ ಇದ್ದರೆ ನಾರ್ಮಲ್ ಆಗೇ ಆಗತ್ತೆ ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ ಅವರನ್ನ ಇಟ್ಕೋಬೇಡಿ.

ಆದರೆ ಇದು ಬರೀ ಸಮಾಧಾನದ ಮಾತೂ ಅಲ್ಲ. ಮಾರ್ಷಲ್ ಕ್ಲಾಸ್, ಜಾನ್ ಕೆನೆಲ್ ಅಂತ ಇಬ್ಬರು ಅಮೆರಿಕದ ಮಕ್ಕಳ ವೈದ್ಯರು. ಗ್ವಾಟೆಮಾಲಾದ ಒಂದು ಆಸ್ಪತ್ರೆಯಲ್ಲಿ ಚೊಚ್ಚಲ ಹೆರಿಗೆಯವರ ಜೊತೆ, ಅವರಿಗೆ ಪರಿಚಯವೇ ಇಲ್ಲದ ಸಾಮಾನ್ಯ ಹೆಂಗಸೊಬ್ಬಳನ್ನ ಕೂರಿಸಿ ನೋಡಿದರು. 1980ರಲ್ಲಿ ಪ್ರಕಟವಾಯ್ತು. ಆಸ್ಪತ್ರೆ ಸೇರಿದ ಮೇಲೆ ಮಗು ಹುಟ್ಟೋಕೆ ಒಬ್ಬರೇ ಇದ್ದವರಿಗೆ ಸರಾಸರಿ 19.3 ಗಂಟೆ, ಜೊತೆಗೆ ಒಬ್ಬಳಿದ್ದವರಿಗೆ 8.8 ಗಂಟೆ. ಸಣ್ಣ ಅಧ್ಯಯನ, ಅಷ್ಟು ದೊಡ್ಡ ಅಂತರ ಎಲ್ಲ ಕಡೆ ಸಿಗಲ್ಲ. ಆಮೇಲೆ ಹೂಸ್ಟನ್‌ನಲ್ಲಿ ದೊಡ್ಡದಾಗಿ ಮಾಡಿದರು, 1991ರಲ್ಲಿ ಬಂತು. ನನಗೆ ಅದರಲ್ಲಿ ಇಷ್ಟವಾದದ್ದು ಡೌಲಾ ಗುಂಪಿನ ಸಂಖ್ಯೆ ಅಲ್ಲ. ಮೂರು ಗುಂಪು ಇತ್ತು. ಒಂದಕ್ಕೆ ಡೌಲಾ. ಒಂದಕ್ಕೆ ಮಾಮೂಲಿ ಆಸ್ಪತ್ರೆ ಆರೈಕೆ. ನಡುವಿನ ಗುಂಪಿನವರ ಕೋಣೆಯಲ್ಲಿ ಒಬ್ಬಳು ಮೂಲೆಯಲ್ಲಿ ಕೂತು ಏನೇನು ನಡೀತಿದೆ ಅಂತ ಬರ್ಕೋತಿದ್ದಳು ಅಷ್ಟೇ, ಮಾತಾಡಿಸುವ ಹಾಗಿಲ್ಲ, ಮುಟ್ಟುವ ಹಾಗಿಲ್ಲ. ಸಿಸೇರಿಯನ್ ಪ್ರಮಾಣ ಮಾಮೂಲಿ ಗುಂಪಲ್ಲಿ ಶೇ. 18, ಡೌಲಾ ಗುಂಪಲ್ಲಿ ಶೇ. 8. ಮೂಲೆಯಲ್ಲಿ ಸುಮ್ಮನೆ ಕೂತವಳಿದ್ದ ಗುಂಪಲ್ಲಿ? ಶೇ. 13. ಏನೂ ಮಾಡದೆ ಕೂತವಳೂ ಏನೋ ಮಾಡಿದ್ದಳು.

ಅಲ್ಲಿಂದ ಮುಂದೆ ಬೇಕಾದಷ್ಟು ಅಧ್ಯಯನ ಆದವು. ವೈದ್ಯಕೀಯ ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ತೂಗಿ ನೋಡೋ ಕಾಕ್ರೇನ್ ಸಂಸ್ಥೆಯ 2017ರ ವಿಮರ್ಶೆ 17 ದೇಶಗಳ 15 ಸಾವಿರಕ್ಕೂ ಹೆಚ್ಚು ಹೆಂಗಸರ ಮಾಹಿತಿ ಒಟ್ಟು ಹಾಕಿತು. ಹೆರಿಗೆ ಪೂರ್ತಿ ಬಿಡದೆ ಒಬ್ಬರು ಜೊತೆಗಿದ್ದರೆ ಸಿಸೇರಿಯನ್ ಸುಮಾರು ಕಾಲು ಭಾಗ ಕಮ್ಮಿ, ನೋವಿನ ಹೊತ್ತು ಸರಾಸರಿ 40 ನಿಮಿಷ ಕಮ್ಮಿ, ಹೆರಿಗೆ ಬಗ್ಗೆ ಕಹಿ ಉಳಿಯೋದು ಕಮ್ಮಿ. ಹಾನಿ ಏನೂ ಕಾಣಲಿಲ್ಲ. ಪುರಾವೆಯ ಗುಣಮಟ್ಟ ಅಷ್ಟೇನೂ ಗಟ್ಟಿ ಇಲ್ಲ ಅಂತ ಅವರೇ ಬರೆದಿದ್ದಾರೆ, ಅದನ್ನೂ ಹೇಳಬೇಕು.

ಕಾರಣ ದೊಡ್ಡ ರಹಸ್ಯ ಅಲ್ಲ. ಹೆದರಿಕೆಯಾದರೆ ಅಡ್ರಿನಲಿನ್ ಏರತ್ತೆ, ಅದು ಏರಿದರೆ ಗರ್ಭಕೋಶದ ನೋವು ಮಂದವಾಗತ್ತೆ, ಮಂದವಾದರೆ ನಾವು ನೋವು ಬರೋ ಡ್ರಿಪ್ ಹಾಕ್ತೀವಿ, ಡ್ರಿಪ್ಪಿನ ನೋವು ತಡೆಯಕ್ಕಾಗಲ್ಲ ಅಂತ ಇನ್ನೊಂದು. ಹಸು ಕರು ಹಾಕೋವಾಗ ಅಪರಿಚಿತರು ಕೊಟ್ಟಿಗೆಗೆ ಹೋಗಬೇಡಿ ಅನ್ನೋದು ನಮ್ಮ ರೈತರಿಗೆ ಗೊತ್ತು. ಹೆಂಗಸಿಗೆ ಮಾತ್ರ ಆರು ಜನ ಅಪರಿಚಿತರು, ಮೇಲೊಂದು ಟ್ಯೂಬ್‌ಲೈಟು.

ಡಾಕ್ಟರು ಸಿಟ್ಟಾಗ್ತಾರಾ ಅಂದರೆ, ಕೆಲವರು ಆಗ್ತಾರೆ. ನಾನೂ ಮೊದಲು ಆಗಿದ್ದೆ. ನನ್ನ ಮತ್ತು ಬಸುರಿಯ ಮಧ್ಯೆ ಲಾಯರ್ ತರ ನಿಂತಿದ್ದಳು ಒಬ್ಬಳು. ಇನ್ನೊಬ್ಬಳು ಬಂದಳು, ನಾನು ಒಳಪರೀಕ್ಷೆ ಮಾಡೋ ಮುಂಚೆ "ಮೇಡಂ, ಈ ನೋವು ಮುಗೀಲಿ, ಒಂದು ನಿಮಿಷ" ಅಂದಳು. ಅಷ್ಟೇ. ಕಾದೆ. ಈಗ ಎಲ್ಲರಿಗೂ ಹಾಗೇ ಕಾಯ್ತೀನಿ.

ನಿಮ್ಮಮ್ಮನಿಗೆ ಒಂದು ಮಾತು ಹೇಳಿ. "ಡೌಲಾ" ಗ್ರೀಕ್ ಪದ, ಊಳಿಗದವಳು ಅಂತ ಅರ್ಥ. ಅದನ್ನ ಈ ಅರ್ಥದಲ್ಲಿ ಬಳಕೆಗೆ ತಂದಿದ್ದು ಡಾನಾ ರಾಫೆಲ್ ಅನ್ನೋ ಮಾನವಶಾಸ್ತ್ರಜ್ಞೆ, 1973ರಲ್ಲಿ, ಎದೆಹಾಲಿನ ಬಗ್ಗೆ ಬರೆದ ಪುಸ್ತಕದಲ್ಲಿ. ಮಗು ಹೆತ್ತವಳನ್ನ ನೋಡ್ಕೊಂಡು, ಹಾಲು ಕುಡಿಸೋಕೆ ಒತ್ತಾಸೆಯಾಗಿ ಇರುವವಳಿಗೆ. ಅಂದರೆ ಬಾಣಂತನ ಮಾಡುವವಳಿಗೆ. ಆ ಲೆಕ್ಕದಲ್ಲಿ ನಿಮ್ಮಮ್ಮನೇ ಮೂಲ ಡೌಲಾ.

ಎರಡು ಹೊಲಿಗೆ · ಬುಧವಾರ, ಬೆಳಿಗ್ಗೆ 10:10

ನನ್ನದು ಬೇರೆ ಅನುಭವ. ಎಲ್ಲರೂ ಹೊಗಳ್ತಿರೋದ್ರಿಂದ ಹೇಳ್ಬೇಕು ಅನ್ನಿಸ್ತು.

ನನ್ನ ಡೌಲಾ ಒಳ್ಳೇ ಮಾತುಗಾರ್ತಿ. ಆದರೆ ಅವಳಿಗೆ ನನಗಿಂತ ಹೆಚ್ಚಾಗಿ ನಾರ್ಮಲ್ ಬೇಕಿತ್ತು. 14 ಗಂಟೆ ಆದಮೇಲೆ ನಾನು ಎಪಿಡ್ಯೂರಲ್ (ನೋವು ಕಮ್ಮಿ ಮಾಡೋಕೆ ಬೆನ್ನಿಗೆ ಕೊಡೋ ಇಂಜೆಕ್ಷನ್) ಕೇಳಿದೆ. "ಇಷ್ಟು ದೂರ ಬಂದಿದ್ದೀಯ, ಈಗ ಸೋಲ್ತೀಯಾ?" ಅಂದಳು. ಆ ಪದ. ಸೋಲೋದು. ಕೊನೆಗೆ ಮಗುವಿನ ಎದೆಬಡಿತ ಇಳಿದು ಸಿಸೇರಿಯನ್ ಆಯ್ತು. ಮಗು ಚೆನ್ನಾಗಿದ್ದ, ನಾನೂ ಚೆನ್ನಾಗಿದ್ದೆ. ಮನೆಗೆ ಬಂದು ನೋಡಿದವಳು "ಇನ್ನು ಸ್ವಲ್ಪ ತಡ್ಕೊಂಡಿದ್ರೆ" ಅಂದುಬಿಟ್ಟಳು. ಬಾಣಂತನ ಪೂರ್ತಿ ನಾನು ಅಳ್ತಿದ್ದೆ. ಗಾಯಕ್ಕಲ್ಲ.

ಹಾಗಾಗಿ ಮಾತಾಡಿಸೋವಾಗ ಎಷ್ಟು ನಾರ್ಮಲ್ ಮಾಡಿಸಿದ್ದೀರಿ ಅಂತ ಕೇಳ್ಬೇಡಿ, ಅದು ಅವರ ಕೆಲಸ ಅಲ್ಲ. ನಾನು ನಡುವೆ ಎಪಿಡ್ಯೂರಲ್ ಬೇಕು ಅಂದ್ರೆ ಏನು ಮಾಡ್ತೀರಿ ಅಂತ ಕೇಳಿ. ಸಿಸೇರಿಯನ್ ಅಂತ ಆದ್ರೆ ನೀವು ಎಲ್ಲಿರ್ತೀರಿ, ಅದೇ ಹೊತ್ತಿಗೆ ಇನ್ನೊಬ್ಬರಿಗೂ ನೋವು ಬಂದ್ರೆ ನಿಮ್ಮ ಬದಲಿಗೆ ಯಾರು ಬರ್ತಾರೆ, ಅವರನ್ನ ನಾನು ಮುಂಚೆ ನೋಡಬಹುದಾ ಅಂತ ಕೇಳಿ. ಆಸ್ಪತ್ರೆಗೆ ಹೋಗೋದೇ ಬೇಡ ಅನ್ನೋರು, ಸ್ಕ್ಯಾನಿಂಗ್ ಬೇಡ ಅನ್ನೋರು ಸಿಕ್ಕಿದ್ರೆ ಕಾಫಿ ಕುಡಿಸಿ ಕಳಿಸಿ.

ಓಟಿ ಚಪ್ಪಲಿ · ಬುಧವಾರ, ಮಧ್ಯಾಹ್ನ 3:30

ಮೇಲಿನವರು ಹೇಳಿದ್ದು ಪೂರ್ತಿ ನಿಜ, ನಾನು ಹೇಳಬೇಕಿತ್ತು. ಡೌಲಾ ವೃತ್ತಿಗೆ ನಮ್ಮಲ್ಲಿ ಸರ್ಕಾರದ ನೋಂದಣಿ ಇಲ್ಲ. ನರ್ಸ್‌ಗೆ, ನನಗೆ ಒಂದು ಕೌನ್ಸಿಲ್ ಇದೆ, ತಪ್ಪಾದರೆ ದೂರು ಕೊಡಬಹುದು. ಡೌಲಾಗಳಿಗೆ ಇರೋದು ಖಾಸಗಿ ತರಬೇತಿ ಸಂಸ್ಥೆಗಳ ಸರ್ಟಿಫಿಕೇಟ್ ಮಾತ್ರ. ಒಳ್ಳೆಯವರು ಒಳಪರೀಕ್ಷೆ ಮಾಡಲ್ಲ, ಔಷಧಿ ಹೇಳಲ್ಲ, ನಿಮ್ಮ ಪರವಾಗಿ ತೀರ್ಮಾನ ತಗೊಳ್ಳಲ್ಲ.

ನೈಟ್ ಡ್ಯೂಟಿ ಸಿಸ್ಟರ್ · ಗುರುವಾರ, ಬೆಳಿಗ್ಗೆ 7:45

ಡ್ಯೂಟಿ ಮುಗಿಸಿ ಬಸ್ಸಲ್ಲಿ ಕೂತು ಬರೀತಿದ್ದೀನಿ. ತಾಲ್ಲೂಕು ಆಸ್ಪತ್ರೆ, ಲೇಬರ್ ವಾರ್ಡು. ನಿಮ್ಮ 40 ಸಾವಿರದ ಚರ್ಚೆ ಓದಿ ನಗು ಬಂತು, ಸಿಟ್ಟೂ ಬಂತು. ಯಾರ ಮೇಲೆ ಅಂತ ಗೊತ್ತಿಲ್ಲ.

ರಾತ್ರಿ ನಾವಿಬ್ಬರು. ನಿನ್ನೆ ನಾಲ್ಕು ಜನ ನೋವಲ್ಲಿದ್ದರು. ಒಬ್ಬಳಿಗೆ ಬಿಪಿ, ಒಬ್ಬಳಿಗೆ ರಕ್ತ ಕಮ್ಮಿ. ಐದು ನಿಮಿಷ ಒಬ್ಬಳ ಪಕ್ಕ ನಿಂತರೆ ಇನ್ನೊಬ್ಬಳ ಮಗು ಬಂದಿರತ್ತೆ. ನಾವು ಬೈತೀವಿ ಅಂತಾರೆ. ಬೈತೀವಿ. ಸುಸ್ತಾದಾಗ ಬಾಯಿ ನಮ್ಮ ಕೈಲಿರಲ್ಲ. ಅದು ಸರಿ ಅಂತ ಅಲ್ಲ.

ನಿಮಗೆಲ್ಲ ಗೊತ್ತಿರಲಿ ಅಂತ ಹೇಳ್ತೀನಿ: 2016ರ ಫೆಬ್ರವರಿಯಲ್ಲೇ ಕೇಂದ್ರ ಆರೋಗ್ಯ ಸಚಿವಾಲಯ ಹೇಳಿದೆ, ಸರ್ಕಾರಿ ಆಸ್ಪತ್ರೆಯಲ್ಲೂ ಹೆರಿಗೆ ಹೊತ್ತಲ್ಲಿ ಜೊತೆಗೆ ಒಬ್ಬರು ಇರಬಹುದು ಅಂತ. ತಾನೂ ಹೆತ್ತ ಅನುಭವ ಇರೋ ಹೆಂಗಸಾದರೆ ಒಳ್ಳೇದು, ಅಂಟುರೋಗ ಇರಬಾರದು, ಶುಭ್ರವಾದ ಬಟ್ಟೆ, ನಮ್ಮ ಕೆಲಸಕ್ಕೆ ಅಡ್ಡ ಬರಬಾರದು. ಮರೆ ಇರೋ ಕಡೆ ಗಂಡನೂ ಇರಬಹುದು. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆ ಸುಧಾರಿಸೋ ಲಕ್ಷ್ಯ ಯೋಜನೆಯಲ್ಲೂ ಅದೇ ಇದೆ, ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದ್ದೂ ಅದೇ. ಇದಕ್ಕೆ ಒಂದು ರೂಪಾಯಿ ಕೊಡಬೇಕಾಗಿಲ್ಲ.

ಕಾಗದದ ಮೇಲೆ ಇದೆ. ನಮ್ಮ ವಾರ್ಡಲ್ಲಿ ಯಾಕೆ ಆಗಲಿಲ್ಲ ಅಂದ್ರೆ, ಪರದೆ. ಟೇಬಲ್ ಟೇಬಲ್ ಮಧ್ಯೆ ಪರದೆ ಇರಲಿಲ್ಲ. ಒಬ್ಬಳ ಅತ್ತೆ ಒಳಗೆ ಬಂದರೆ ಇನ್ನೊಬ್ಬಳು ಬಟ್ಟೆ ಇಲ್ಲದೆ ಮಲಗಿರ್ತಾಳೆ. ಪರದೆ ಬೇಕು ಅಂತ ಎರಡು ವರ್ಷ ಬೇಡಿಕೆ ಪತ್ರ ಹಾಕಿದ್ವಿ. ಕೊನೆಗೆ ನಮ್ಮಲ್ಲೊಬ್ಬರು ಹಳೇ ಬೆಡ್‌ಶೀಟ್ ಹೊಲಿಸಿ, ಹಗ್ಗ ಕಟ್ಟಿ ನೇತು ಹಾಕಿದ್ರು. ಅವತ್ತಿಂದ ಒಬ್ಬೊಬ್ಬರಿಗೆ ಒಬ್ಬರನ್ನ ಬಿಡ್ತೀವಿ.

ತೊಂದರೆ ಇಲ್ವಾ? ಇದೆ. ಕೆಲವು ತಾಯಂದಿರು ಮಗಳ ನೋವು ನೋಡಕ್ಕಾಗದೆ "ಕೊಯ್ದು ತೆಗೀರಿ ಸಿಸ್ಟರ್" ಅಂತ ನಮ್ಮ ಕಾಲು ಹಿಡೀತಾರೆ. ಒಬ್ಬರು ತಾವೇ ಮೂರ್ಛೆ ಹೋದರು. ಹಾಗಾಗಿ ನಾನೀಗ ಒಳಗೆ ಬಿಡೋ ಮುಂಚೆ ಎರಡು ಮಾತು ಹೇಳ್ತೀನಿ. ಬೆನ್ನು ನೀವಿ, ನೀರು ಕುಡಿಸಿ, ನಡೆಸಿ. "ಅಯ್ಯೋ" ಅನ್ನಬೇಡಿ. ಅಷ್ಟಕ್ಕೇ ಅರ್ಧ ಜನ ಚೆನ್ನಾಗಿ ನೋಡ್ಕೋತಾರೆ. ನಿನ್ನೆ ಒಬ್ಬಳು ಅತ್ತೆ ಸೊಸೆಗೆ ರಾತ್ರಿಯೆಲ್ಲ ಬೆನ್ನು ಉಜ್ಜಿದಳು. ಸಂಜೆ ಬರುವಾಗ ಇಬ್ಬರೂ ಗೇಟಲ್ಲಿ ಆಟೋ ಬಾಡಿಗೆಗೆ ಜಗಳ ಆಡಿಕೊಂಡೇ ಬಂದಿದ್ದರು.

ಸತ್ಯವಾದಿ ರಾಯರು · ಗುರುವಾರ, ಬೆಳಿಗ್ಗೆ 9:20

ಸಿಸ್ಟರ್, ನಿಮ್ಮ ಆಸ್ಪತ್ರೆಗೆ ಪರದೆ ಬಟ್ಟೆ ಕೊಡಿಸಬಹುದಾ? ನಮ್ಮದು ಜವಳಿ ಅಂಗಡಿ. ನಿರ್ವಾಹಕಿಯವರ ಮೂಲಕ ತಿಳಿಸಿ.

(ಅಜ್ಜಿಯ ಒಂಬತ್ತರಲ್ಲಿ ಉಳಿದಿದ್ದು ಐದು. ಅಪ್ಪನ್ನ ಕೇಳಿದೆ.)

ಸ್ಯಾನ್ ಹೋಸೆ ಸೊಸೆ · ಗುರುವಾರ, ರಾತ್ರಿ 8:00

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ 2023ರ ಜನವರಿಯಿಂದ, ಆದಾಯ ಕಮ್ಮಿ ಇರೋರ ಸರ್ಕಾರಿ ವಿಮೆಯಲ್ಲಿ ಡೌಲಾ ಖರ್ಚು ಸೇರಿದೆ. ನಮಗೆ ಅದು ಅನ್ವಯಿಸಲಿಲ್ಲ, ಕೈಯಿಂದಲೇ ಕೊಟ್ವಿ. ಅಮ್ಮನಿಗೆ ವೀಸಾ ಸಮಯಕ್ಕೆ ಸಿಗಲಿಲ್ಲ, ಅದಕ್ಕೇ ಇಟ್ಕೊಂಡಿದ್ದು.

ನಮ್ಮ ಡೌಲಾ ಮೆಕ್ಸಿಕೋ ಮೂಲದ, ಅರವತ್ತರ ಹೆಂಗಸು. ಮೊದಲ ಭೇಟಿಯಲ್ಲೇ ಕೇಳಿದ್ರು, ನೋವಲ್ಲಿ ನೀನು ಯಾವ ಭಾಷೇಲಿ ಕಿರಿಚ್ತೀಯಾ ಅಂತ. ಇಂಗ್ಲಿಷಲ್ಲೇ, ನಾನು ದಿನಾ ಮಾತಾಡೋದು ಅದೇ ಅಂದೆ. ನಕ್ಕು, ಒಂದು ಚೀಟಿ ಕೊಟ್ಟು, ನಿಮ್ಮಮ್ಮ ನೀನು ಸಣ್ಣವಳಿದ್ದಾಗ ಜ್ವರ ಬಂದ್ರೆ ಏನಂತಿದ್ರು ಬರೆದುಕೊಡು ಅಂದ್ರು. "ಏನಿಲ್ಲ ಪುಟ್ಟಿ", "ಹೋಗತ್ತೆ", "ಇಲ್ಲೇ ಇದ್ದೀನಿ" ಅಂತ ಬರೆದು, ಹೇಗೆ ಹೇಳೋದು ಅಂತ ಕಲಿಸಿದೆ. ಗರ್ಭಕೋಶದ ಬಾಯಿ ಎಂಟು ಸೆಂಟಿಮೀಟರ್ ತೆರೆಯೋ ಹೊತ್ತಿಗೆ ನನ್ನ ಇಂಗ್ಲಿಷ್ ಪೂರ್ತಿ ಹೋಗಿತ್ತು. ನರ್ಸ್ ಏನು ಕೇಳಿದ್ರೂ "ಆಗ್ತಿಲ್ಲ, ಆಗ್ತಿಲ್ಲ" ಅಂತಿದ್ದೆ ಕನ್ನಡದಲ್ಲಿ. ಈಯಮ್ಮ ಕಿವಿ ಹತ್ರ ಬಂದು "ಈಲ್ಲೆ ಇದಿನಿ ಪುಟ್ಟೀ" ಅಂತ, ಉಚ್ಚಾರಣೆ ಎಲ್ಲಾ ಎಕ್ಕುಟ್ಟೋಗಿತ್ತು. ನಗು ಬಂತು. ನಗ್ತಾ ನಗ್ತಾನೇ ಮುಂದಿನ ನೋವು ದಾಟಿತು.

ಕುಕ್ಕರಹಳ್ಳಿ ವಾಕರ್ · ಶನಿವಾರ, ರಾತ್ರಿ 11:15

ಎಲ್ಲರಿಗೂ ಥ್ಯಾಂಕ್ಸ್. ಅಮ್ಮ ಇವತ್ತು ಬೆಂಗಳೂರಿಗೆ ಬಂದಿದ್ರು, ತಂಬಿಟ್ಟು ಮಾಡ್ಕೊಂಡು. ಗದಗದವರು ಬರೆದಿದ್ದನ್ನ ಓದಿ ಹೇಳಿದೆ. ಅಮ್ಮ ಅವರೆಕಾಯಿ ಬಿಡಿಸ್ತಿದ್ರು. ಕೈ ನಿಂತಿತು.

ನನ್ನ ಹುಟ್ಟಿನ ಕಥೆ ನನಗೆ ಗೊತ್ತಿದ್ದಿದ್ದು ಇಷ್ಟೇ: ಮಳೆ, ಜಟಕಾ, ದೊಡ್ಡಾಸ್ಪತ್ರೆ, ಬೆಳಿಗ್ಗೆ ನಾನು. ಇವತ್ತು ಉಳಿದಿದ್ದು ಹೇಳಿದ್ರು. ಅಜ್ಜಿಯನ್ನ ಗೇಟಲ್ಲೇ ನಿಲ್ಲಿಸಿದ್ರಂತೆ. ಒಳಗೆ ಅಮ್ಮ ಒಬ್ಬರೇ, 20 ವರ್ಷ. ಕೂಗಿದ್ರೆ ಬೈಗುಳ, ಅದಕ್ಕೆ ಸೆರಗು ಬಾಯಿಗೆ ತುರುಕಿಕೊಂಡಿದ್ರಂತೆ. ನಡುರಾತ್ರಿ ನೆಲ ಒರೆಸೋಕೆ ಒಬ್ಬಳು ಆಯಾ ಬಂದಳು. ಒರೆಸಿ ಮುಗಿಸಿ ಬಕೆಟ್ ಮೂಲೇಲಿಟ್ಟು, ಅಮ್ಮನ ಕಾಲು ಹತ್ರ ಬಂದು ನಿಂತು, ಎರಡು ಪಾದಾನೂ ಹಿಡ್ಕೊಂಡಳಂತೆ. ಮಾತಿಲ್ಲ. ಕೈ ಫಿನಾಯಿಲ್ ವಾಸನೆ. ಯಾರೋ ಕರೆದ್ರೆ ಹೋಗಿ ಬಂದು ಮತ್ತೆ ಹಿಡ್ಕೊಳ್ಳೋಳು. ಬೆಳಗಿನ ಜಾವ ನಾನು ಹುಟ್ಟೋವರೆಗೂ. "ಹೆಸರು ಕೇಳಲಿಲ್ಲ ಕಣೇ. ಬೆಳಿಗ್ಗೆ ಶಿಫ್ಟ್ ಮುಗಿಸಿ ಹೋಗ್ಬಿಟ್ಟಿದ್ಲು. ಒಂದು ಕುಂಕುಮ ಕೊಡಕ್ಕೂ ಆಗಲಿಲ್ಲ. ಫಿನಾಯಿಲ್ ವಾಸನೆ ಬಂದ್ರೆ ನನಗೆ ಈಗಲೂ ಧೈರ್ಯ ಬರತ್ತೆ, ಯಾರಿಗೂ ಹೇಳಿಲ್ಲ ಹುಚ್ಚು ಅಂತಾರೆ ಅಂತ."

ಆಮೇಲೆ ಕಾಯಿ ಬಿಡಿಸ್ತಾ "ಆ ಹುಡುಗಿ ನಂಬರ್ ಕೊಡು, ನಾನೇ ಮಾತಾಡ್ತೀನಿ. 40 ಜಾಸ್ತಿ ಆಯ್ತು, 35ಕ್ಕೆ ಕೇಳ್ತೀನಿ" ಅಂದ್ರು.

ಇಬ್ಬರ ತಾಯಿ · ಶನಿವಾರ, ರಾತ್ರಿ 11:21

ಕಣ್ಣಲ್ಲಿ ನೀರು ಬರೋ ಹೊತ್ತಿಗೆ 35ಕ್ಕೆ ಕೇಳ್ತೀನಿ ಅಂತ ಓದಿ ನಗು ಬಂತು. ಅಮ್ಮಂದಿರು!

ಗದಗದಾಕಿ · ಭಾನುವಾರ, ಬೆಳಿಗ್ಗೆ 6:30

ಡಾಕ್ಟರ್ ಬಾಯಾರ, ಮೂಲ್ಯಾಗ ಸುಮ್ನ ಕುಂತಾಕಿದು ಹೇಳಿದ್ರಲ್ಲ ಹೂಸ್ಟನ್‌ದಾಗ, ಅಕಿನ ಈಕಿ.

ನಿರ್ವಾಹಕಿ · ಭಾನುವಾರ, ಬೆಳಿಗ್ಗೆ 11:00

ರಾಯರ ಮತ್ತು ಸಿಸ್ಟರ್ ಅವರ ಸಂಪರ್ಕ ಮಾಡಿಸಿದ್ದೇನೆ. ಡೌಲಾಗಳ ಹೆಸರು, ಫೋನ್ ನಂಬರ್ ಇಲ್ಲಿ ಹಾಕಬೇಡಿ, ಮೂರು ಕಾಮೆಂಟ್ ತೆಗೆದಿದ್ದೇನೆ. ಅದರಲ್ಲಿ ಎರಡು ಜಾಹೀರಾತು.

ಕುಕ್ಕರಹಳ್ಳಿ ವಾಕರ್ · ಒಂಬತ್ತು ವಾರದ ನಂತರ, ಮಧ್ಯಾಹ್ನ 2:40

ಮೈಸೂರಿಂದ. ಗಂಡು ಮಗು, 2.9 ಕೆಜಿ, 39 ವಾರ 5 ದಿನಕ್ಕೆ. ಇವತ್ತಿಗೆ ಹತ್ತು ದಿನ. ಈಗಷ್ಟೇ ಮಲಗಿದ್ದಾನೆ, ಬೇಗ ಬೇಗ ಬರೀತೀನಿ.

ರಾತ್ರಿ ಹತ್ತಕ್ಕೆ ನೋವು. ಡೌಲಾ ಹನ್ನೆರಡಕ್ಕೆ ಮನೆಗೆ ಬಂದ್ರು. ಮುಂಚಿನ ಭೇಟಿಗಳಲ್ಲೇ ಅಮ್ಮನಿಗೆ ಸೊಂಟ ಒತ್ತೋದು ಹೇಳಿಕೊಟ್ಟಿದ್ರು, ಅಮ್ಮ ಮನೇಲಿ ಚಪಾತಿ ಹಿಟ್ಟಿನ ಮೇಲೆ ಪ್ರಾಕ್ಟೀಸ್ ಮಾಡಿದ್ದರಂತೆ. ಐದೂವರೆಗೆ ಆಸ್ಪತ್ರೆ. ನೋಡಿದ್ರು, 5 ಸೆಂಟಿಮೀಟರ್. ಲೇಬರ್ ರೂಮಿಗೆ ಒಬ್ಬರೇ ಅಂದ್ರು. ಮುಂಚೆ ಕೇಳಿದಾಗ ಇಬ್ಬರು ಇರಬಹುದು ಅಂದಿದ್ದರು, ಅವತ್ತಿನ ಡ್ಯೂಟಿಯವರು ಒಪ್ಪಲಿಲ್ಲ. ಬರವಣಿಗೆಯಲ್ಲಿ ತಗೊಳ್ಳಿ ಇದನ್ನ, ಮುಂದೆ ಹೋಗೋರು. ನಾನು ಅಮ್ಮನ್ನ ನೋಡಿದೆ. ಅಮ್ಮ ಒಂದು ಕ್ಷಣಾನೂ ಯೋಚಿಸಲಿಲ್ಲ. "ಅವಳೇ ಇರ್ಲಿ. ನಿನ್ನ ಮುಖ ನೋಡ್ತಾ ನಾನು 'ಅಯ್ಯೋ' ಅಂದುಬಿಡ್ತೀನಿ."

ಆರು ಸೆಂಟಿಮೀಟರ್‌ಗೆ ನಾನು ಎಪಿಡ್ಯೂರಲ್ ಕೇಳಿದೆ. ಎರಡು ಹೊಲಿಗೆಯವರೇ, ನಿಮ್ಮ ಮಾತು ನೆನಪಾಗಿ ಅವರ ಮುಖ ನೋಡಿದೆ. "ಸರಿ, ಸೂಜಿ ಹಾಕೋವಾಗ ಬಗ್ಗಿ ಕೂರಬೇಕು, ನನ್ನ ಭುಜ ಹಿಡ್ಕೊಳ್ಳಿ" ಅಂದ್ರು, ಅಷ್ಟೇ. ಅರ್ಧ ಗಂಟೆಗೊಮ್ಮೆ ಹೊರಗೆ ಹೋಗಿ ಅಮ್ಮನಿಗೂ ಇವರಿಗೂ ಸುದ್ದಿ ಹೇಳಿ ಬರ್ತಿದ್ರು. ಕೊನೆ ಒಂದು ಗಂಟೆ ಅವರ ಕೈ ನಾನು ಎಷ್ಟು ಗಟ್ಟಿ ಹಿಡಿದಿದ್ದೆ ಅಂದ್ರೆ ಉಂಗುರದ ಗುರುತು ನನ್ನ ಬೆರಳಿಗೂ ಬಿದ್ದಿತ್ತು. ಮಧ್ಯಾಹ್ನ 1:20ಕ್ಕೆ ಹುಟ್ಟಿದ. ಮೂರು ಹೊಲಿಗೆ. ಗಂಡ ಆಮೇಲೆ ಒಳಗೆ ಬಂದು ಮಗು ಎತ್ಕೊಂಡ್ರು, ರಕ್ತ ಇತ್ತು ಮೈಮೇಲೆ, ಕ್ಯಾಲೆಂಡರ್ ಹುಡುಕಲಿಲ್ಲ.

ಡೌಲಾ ಹೊರಟಾಗ ಅಮ್ಮ ವರಾಂಡದಲ್ಲೇ ನಿಲ್ಲಿಸಿದ್ರು. ಬ್ಯಾಗಲ್ಲಿ ಎಲ್ಲಾ ತಂದಿದ್ರು: ಎಲೆ, ಅಡಿಕೆ, ತೆಂಗಿನಕಾಯಿ, ರವಿಕೆ ಕಣ, ಒಂದು ಹಸಿರು ಮೈಸೂರು ಸಿಲ್ಕ್ ಸೀರೆ. ಆ ಹುಡುಗಿಗೆ ನನ್ನಷ್ಟೇ ವಯಸ್ಸು, ಜೀನ್ಸ್ ಹಾಕಿದ್ಳು, ರಾತ್ರಿಯೆಲ್ಲ ನಿದ್ದೆ ಇಲ್ಲ. "ಆಂಟಿ, ನೀವು ಫೀಸ್ ಕೊಟ್ಟಿದ್ದೀರಲ್ಲ, ಇದೆಲ್ಲ ಯಾಕೆ" ಅಂದ್ಲು. "ಇದು ನಿಂದಲ್ಲ ಕಣಮ್ಮ, ತಗೋ" ಅಂದ್ರು ಅಮ್ಮ. ಅವಳಿಗೆ ಏನೂ ಅರ್ಥ ಆಗಲಿಲ್ಲ. ನನಗಾಯ್ತು. (ಫೀಸ್ 38ಕ್ಕೆ ನಿಂತಿತ್ತು.)

ಅಮ್ಮ ಬಂದ್ರು. ಬಾಣಂತಿ ಫೋನ್ ನೋಡಿದ್ರೆ ಕಣ್ಣು ಹೋಗತ್ತಂತೆ, ಕಿತ್ಕೋತಾ ಇದ್ದಾ